ಊರಿನ ದತ್ತಿನಿಧಿಯನ್ನು ಕಟ್ಟುವುದು, ಹಂಚುವುದು: ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಯವರಿಗೊಂದು ಮಾರ್ಗದರ್ಶಿ

ಶ್ರವಣಬೆಳಗೊಳದ ಕೆಲವು ಶಾಸನಗಳಲ್ಲಿ ಒಂದು ಬಗೆಯ ದಾನದ ವಿವರ ಸಿಗುತ್ತದೆ. ದಾನಿಯು ಇಂತಿಷ್ಟು ಗದ್ಯಾಣವನ್ನು (ಆಗಿನ ಹೊನ್ನಿನ ನಾಣ್ಯ) ಮೂಲಧನವಾಗಿ ಇಟ್ಟು, ಅದರ ಬಡ್ಡಿಯಿಂದ ಗೊಮ್ಮಟೇಶ್ವರನ ನಿತ್ಯಾಭಿಷೇಕಕ್ಕೆ ಇಂತಿಷ್ಟು ಹಾಲು ಸಲ್ಲಬೇಕೆಂದು ಕಲ್ಲಿನಲ್ಲಿ ಬರೆಸಿದ್ದಾನೆ. ಮೂಲಧನ ಕರಗುವಂತಿಲ್ಲ, ಹಾಲು ನಿಲ್ಲುವಂತಿಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ದತ್ತಿ ಉಪನ್ಯಾಸಗಳೂ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಕೊಡುವ ದತ್ತಿ ಬಹುಮಾನಗಳೂ ಇಂದಿಗೂ ಇದೇ ಲೆಕ್ಕದ ಮೇಲೆ ನಡೆಯುತ್ತಿವೆ. ಸಮುದಾಯ ಪ್ರತಿಷ್ಠಾನ ಎಂದು ಈಗ ಕರೆಯಲಾಗುವ ಸಂಸ್ಥೆಯು ಇಂಥ ಹಲವು ದತ್ತಿಗಳನ್ನು ಒಂದೇ ಸೂರಿನಡಿ, ಒಂದೇ ಆಡಳಿತ ಮಂಡಳಿಯ ಹೊಣೆಯಲ್ಲಿ, ಒಂದು ಊರಿನ ಅಥವಾ ಒಂದು ಜಿಲ್ಲೆಯ ಹಿತಕ್ಕಾಗಿ ನಡೆಸುವ ವ್ಯವಸ್ಥೆಯಾಗಿದೆ. ಒಬ್ಬ ದಾನಿಯ ಹಣಕ್ಕೆ ಒಂದು ಟ್ರಸ್ಟ್ ಕಟ್ಟುವ ಬದಲು ಐವತ್ತು ದಾನಿಗಳ ಸಣ್ಣ ಸಣ್ಣ ಹಣಕ್ಕೆ ಒಂದೇ ಟ್ರಸ್ಟ್ ಇದ್ದರೆ ಲೆಕ್ಕಪರಿಶೋಧನೆಯ ವೆಚ್ಚ ಒಂದೇ ಆಗುತ್ತದೆ, ಅರ್ಜಿ ಹಾಕುವ ವಿದ್ಯಾರ್ಥಿಯೂ ಒಂದೇ ಬಾಗಿಲು ತಟ್ಟಿದರೆ ಸಾಕಾಗುತ್ತದೆ.

ಈ ಮಾದರಿಯ ಮೊದಲ ಸಂಸ್ಥೆ 1914ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಹುಟ್ಟಿತು. ಅದನ್ನು ಕಟ್ಟಿದ ಫ್ರೆಡರಿಕ್ ಗಾಫ್ ಬ್ಯಾಂಕಿನವರಾಗಿದ್ದುದರಿಂದ ಅವರಿಗೆ ಒಂದು ತೊಂದರೆ ಸ್ಪಷ್ಟವಾಗಿ ಕಂಡಿತ್ತು: ಸತ್ತವರು ಬರೆದಿಟ್ಟ ಉಯಿಲಿನ ಉದ್ದೇಶ ಕಾಲಕ್ರಮದಲ್ಲಿ ಅರ್ಥ ಕಳೆದುಕೊಂಡರೂ ಹಣ ಆ ಉದ್ದೇಶಕ್ಕೇ ಕಟ್ಟುಬಿದ್ದು ಯಾರಿಗೂ ಒದಗದೆ ಕುಳಿತಿರುತ್ತಿತ್ತು. ಆದ್ದರಿಂದ ಉದ್ದೇಶವೊಂದು ಹಳತಾದಾಗ ಅದನ್ನು ಊರಿನ ಇಂದಿನ ಅಗತ್ಯಕ್ಕೆ ತಿರುಗಿಸುವ ಅಧಿಕಾರವನ್ನು ಅವರು ಸ್ಥಳೀಯ ಸಮಿತಿಗೆ ಕೊಟ್ಟರು. ನಮ್ಮ ಕಡೆ ನಿಧಿ ಕಟ್ಟುವವರು ಈ ಒಂದು ಅಂಶವನ್ನು ಮೊದಲ ದಿನದಿಂದಲೇ ನೆನಪಿಡಬೇಕು. ಅದನ್ನು ಟ್ರಸ್ಟ್ ಪತ್ರದ ಭಾಗದಲ್ಲಿ ಮತ್ತೆ ಹೇಳುತ್ತೇನೆ.

ಹಾಸನದಲ್ಲಿ ಇಂಥದೊಂದು ಸಣ್ಣ ನಿಧಿಯ ಲೆಕ್ಕಪತ್ರ ಬರೆಯುವ ಮತ್ತು ಅರ್ಜಿಗಳನ್ನು ಪರಿಶೀಲಿಸುವ ಕೆಲಸವನ್ನು ಕೆಲವು ವರ್ಷ ಮಾಡಿದ್ದರಿಂದ, ನಾನು ಕಲಿತದ್ದನ್ನು ಕೆಲಸ ನಡೆಯುವ ಕ್ರಮದಲ್ಲಿಯೇ ಇಲ್ಲಿ ಬರೆದಿದ್ದೇನೆ.

ಮೊದಲ ಹೆಜ್ಜೆ: ಕೊರತೆ ಯಾವ ತಿಂಗಳಲ್ಲಿ ಬೀಳುತ್ತದೆ ಎಂದು ನೋಡಿ

ಹೆಚ್ಚಿನವರು ಎಷ್ಟು ಹಣ ಕೂಡಿಸಬೇಕು ಎಂಬ ಪ್ರಶ್ನೆಯಿಂದ ಆರಂಭಿಸುತ್ತಾರೆ. ಹಣ ಯಾವಾಗ ಬೇಕು ಎಂಬುದೇ ಅದಕ್ಕಿಂತ ಮೊದಲ ಪ್ರಶ್ನೆ ಎಂದು ನಾನು ದೃಢವಾಗಿ ನಂಬಿದ್ದೇನೆ, ಏಕೆಂದರೆ ನಮ್ಮ ಎರಡೂ ಜಿಲ್ಲೆಗಳ ಮನೆಗಳಲ್ಲಿ ಹಣ ಬರುವ ತಿಂಗಳು ಬೇರೆ, ಶಾಲೆ ಕಾಲೇಜು ಹಣ ಕೇಳುವ ತಿಂಗಳು ಬೇರೆ.

ಹಾಸನ ಸುತ್ತಲಿನ ಆಲೂಗಡ್ಡೆ ಬೆಳೆಗಾರರ ಮನೆಯನ್ನೇ ನೋಡಿ. ಪಂಜಾಬಿನ ಜಲಂಧರ್ ಕಡೆಯಿಂದ ಬರುವ ಬಿತ್ತನೆ ಗೆಡ್ಡೆ ಮೇ ತಿಂಗಳಲ್ಲಿ ಹಾಸನದ ಎಪಿಎಂಸಿ ಪ್ರಾಂಗಣದಲ್ಲಿ ಮಾರಾಟವಾಗುತ್ತದೆ. ಕೈಯಲ್ಲಿರುವ ಹಣವೆಲ್ಲ ಆಗ ಗೆಡ್ಡೆಗೆ, ಗೊಬ್ಬರಕ್ಕೆ, ಉಳುಮೆಗೆ ಹೋಗುತ್ತದೆ. ಬೆಳೆ ಕೈಗೆ ಬರುವುದು ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ, ಅದೂ ಅಂಗಮಾರಿ ರೋಗ ಹೊಲಕ್ಕೆ ಬೀಳದಿದ್ದರೆ. ಸಕಲೇಶಪುರ, ಮೂಡಿಗೆರೆ, ಕೊಪ್ಪ ಕಡೆಯ ಕಾಫಿ ತೋಟಗಳಲ್ಲಿ ಲೈನ್ ಮನೆಯಲ್ಲಿ, ಅಂದರೆ ತೋಟದವರು ಕೊಟ್ಟ ಸಾಲುಮನೆಯಲ್ಲಿ, ಇರುವ ಕೂಲಿ ಕುಟುಂಬಕ್ಕೆ ನಾಲ್ಕು ಕಾಸು ಕೂಡುವುದು ನವೆಂಬರ್‌ನಿಂದ ಫೆಬ್ರವರಿಯವರೆಗೆ ನಡೆಯುವ ಕೊಯ್ಲಿನಲ್ಲಿ, ಕೇಜಿ ಲೆಕ್ಕದ ಕೂಲಿಯಲ್ಲಿ. ಜೂನ್, ಜುಲೈನಲ್ಲಿ ಮಳೆ ಹಿಡಿದುಕೊಂಡರೆ ಕೆಲಸದ ದಿನಗಳೇ ಕಡಿಮೆಯಾಗುತ್ತವೆ. ಪಿಯು ಪ್ರವೇಶ, ಹಾಸ್ಟೆಲ್ಲಿನ ಮುಂಗಡ, ಸಮವಸ್ತ್ರ, ಬಸ್ ಪಾಸು, ಪುಸ್ತಕ ಎಲ್ಲವೂ ಹಣ ಕೇಳುವುದು ಈ ಎರಡು ತಿಂಗಳಲ್ಲಿಯೇ.

ಸರ್ಕಾರದ ವಿದ್ಯಾರ್ಥಿವೇತನಗಳು ಈ ಖರ್ಚಿಗೆ ಆಗುವುದಿಲ್ಲವೇ ಎಂದು ಕೇಳಬಹುದು. ಆಗುತ್ತವೆ, ಮತ್ತು ಅವೇ ದೊಡ್ಡ ಆಸರೆ. ರಾಜ್ಯದ ವಿದ್ಯಾರ್ಥಿವೇತನ ಜಾಲತಾಣವಾದ ಎಸ್‌ಎಸ್‌ಪಿ ಪೋರ್ಟಲ್ ಮೂಲಕ ಹಲವು ಇಲಾಖೆಗಳ ನೆರವು ಸಿಗುತ್ತದೆ. ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ಎಂಬ ಕೇಂದ್ರದ ವಿದ್ಯಾರ್ಥಿವೇತನ ಪರೀಕ್ಷೆ ಬರೆದು ಆಯ್ಕೆಯಾದ ಮಗುವಿಗೆ ಒಂಬತ್ತನೆಯ ತರಗತಿಯಿಂದ ದ್ವಿತೀಯ ಪಿಯುವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ಆದರೆ ಅರ್ಜಿ, ದೃಢೀಕರಣ, ಮಂಜೂರಾತಿ ಎಲ್ಲ ಮುಗಿದು ಹಣ ಖಾತೆಗೆ ಬೀಳುವ ಹೊತ್ತಿಗೆ ಪ್ರವೇಶದ ದಿನ ದಾಟಿ ತಿಂಗಳುಗಳೇ ಕಳೆದಿರುತ್ತವೆ. ಸರ್ಕಾರ ಕೊಡುವಷ್ಟು ದೊಡ್ಡ ಮೊತ್ತವನ್ನು ಊರಿನ ನಿಧಿ ಎಂದಿಗೂ ಕೊಡಲಾರದು, ಆದರೆ ಜೂನ್ ಮೊದಲ ವಾರದಲ್ಲಿಯೇ ಕೊಡಬಲ್ಲದು. ಮುಂದಿನ ಎಲ್ಲ ಹೆಜ್ಜೆಗಳನ್ನೂ ಈ ಒಂದು ಗುರಿಗೆ ಹೊಂದಿಸಿಕೊಳ್ಳಬೇಕು.

ಸಂಸ್ಥೆಯ ರೂಪ

ಕಾನೂನಿನಲ್ಲಿ ಮೂರು ದಾರಿಗಳಿವೆ. 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಡಿ ಕನಿಷ್ಠ ಏಳು ಸದಸ್ಯರ ಸಂಘವಾಗಬಹುದು. 2013ರ ಕಂಪನಿ ಕಾಯ್ದೆಯ ಸೆಕ್ಷನ್ 8ರಡಿ ಲಾಭರಹಿತ ಕಂಪನಿಯಾಗಬಹುದು. ಅಥವಾ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಪತ್ರ ನೋಂದಾಯಿಸಿ ಸಾರ್ವಜನಿಕ ದತ್ತಿ ಟ್ರಸ್ಟ್ ಆಗಬಹುದು. ಸಂಘದಲ್ಲಿ ಚುನಾವಣೆಯಿಂದ ಆಡಳಿತ ಬದಲಾಗುತ್ತದೆ. ಅದು ಪ್ರಜಾಸತ್ತಾತ್ಮಕವೇ ಆದರೂ ಮೂಲಧನವನ್ನು ದಶಕಗಳ ಕಾಲ ಕಾಯಬೇಕಾದ ಕೆಲಸಕ್ಕೆ ಟ್ರಸ್ಟ್ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಕಂಪನಿಯ ರೂಪ ಸಣ್ಣ ನಿಧಿಗೆ ಭಾರವಾಗುತ್ತದೆ.

ಟ್ರಸ್ಟ್ ಪತ್ರದಲ್ಲಿ ಮರೆಯಬಾರದ ಮಾತುಗಳು

ಪತ್ರ ಬರಹಗಾರರ ಬಳಿ ಸಿದ್ಧ ನಮೂನೆ ಇರುತ್ತದೆ. ಅದಕ್ಕೆ ಹೆಸರು ತುಂಬಿ ಸಹಿ ಹಾಕುವ ಮೊದಲು ನಾಲ್ಕು ವಿಷಯಗಳನ್ನು ಕುಳಿತು ಬರೆಸಿ.

ಫಲಾನುಭವಿಗಳು ಯಾರು ಎಂಬುದು ಮೊದಲನೆಯದು. ನಮ್ಮ ನಾಡಿನಲ್ಲಿ ಒಂದೊಂದು ಸಮಾಜದ ವಿದ್ಯಾರ್ಥಿನಿಲಯ, ಒಂದೊಂದು ಜಾತಿಯ ಪ್ರತಿಭಾ ಪುರಸ್ಕಾರ ಎಂಬ ದೀರ್ಘ ಪರಂಪರೆಯಿದೆ, ಮತ್ತು ಅವುಗಳಿಂದ ಓದಿ ಮೇಲೆ ಬಂದವರು ಅಸಂಖ್ಯ. ಆದರೆ ಆದಾಯ ತೆರಿಗೆ ಕಾನೂನಿನ ಪ್ರಕಾರ 1962ರ ಏಪ್ರಿಲ್ ನಂತರ ಹುಟ್ಟಿದ ದತ್ತಿ ಟ್ರಸ್ಟ್ ಒಂದು ನಿರ್ದಿಷ್ಟ ಜಾತಿ ಅಥವಾ ಧಾರ್ಮಿಕ ಸಮುದಾಯದ ಹಿತಕ್ಕೆ ಮಾತ್ರ ಇದ್ದರೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಮಹಿಳೆಯರು ಮತ್ತು ಮಕ್ಕಳಿಗಾಗಿ ಇರುವ ಟ್ರಸ್ಟ್‌ಗಳಿಗೆ ಈ ನಿರ್ಬಂಧವಿಲ್ಲ. ಕಾನೂನನ್ನು ಬದಿಗಿಟ್ಟರೂ, ಊರಿನ ನಿಧಿ ಎಂದ ಮೇಲೆ ಅದು ಊರಿನ ಎಲ್ಲರದೂ ಆಗಿರಬೇಕು. ಆದ್ದರಿಂದ ವ್ಯಾಪ್ತಿಯನ್ನು ಜಾತಿಯಿಂದ ಗುರುತಿಸದೆ ತಾಲ್ಲೂಕು, ಹೋಬಳಿಯಿಂದ ಗುರುತಿಸಿ.

ಧರ್ಮದರ್ಶಿಗಳು (ಟ್ರಸ್ಟಿಗಳು) ಮತ್ತು ಅವರ ಸಂಬಂಧಿಕರಿಗೆ ನಿಧಿಯಿಂದ ಪ್ರಯೋಜನ ಸಲ್ಲಬಾರದು ಎಂಬುದು ಎರಡನೆಯದು. ಇದೂ ಕಾನೂನಿನಲ್ಲೇ ಇದೆ, ಆದರೆ ಪತ್ರದಲ್ಲಿ ಬರೆದಿದ್ದರೆ ಅಣ್ಣನ ಮಗನಿಗೆ ಇಲ್ಲವೆನ್ನಲು ಧರ್ಮದರ್ಶಿಗೆ ಒಂದು ಆಧಾರ ಸಿಗುತ್ತದೆ. ಮೂರನೆಯದಾಗಿ, ಟ್ರಸ್ಟ್ ಮುಚ್ಚಬೇಕಾಗಿ ಬಂದರೆ ಆಸ್ತಿ ಇದೇ ಉದ್ದೇಶದ ಇನ್ನೊಂದು ದತ್ತಿ ಸಂಸ್ಥೆಗೆ ಹೋಗಬೇಕು ಎಂದು ಬರೆದಿರಬೇಕು.

ನಾಲ್ಕನೆಯದು ಗಾಫ್ ಅವರ ಪಾಠ. ಮನೆಯಲ್ಲಿ ಕರೆಂಟಿಲ್ಲದ ಮಕ್ಕಳ ಓದಿಗೆ ಸೀಮೆಎಣ್ಣೆ ಕೊಡಿಸಲೆಂದು ಐವತ್ತು ವರ್ಷದ ಹಿಂದೆ ಒಬ್ಬರು ದತ್ತಿ ಇಟ್ಟಿದ್ದರೆ ಅದು ಆಗ ಅತ್ಯಂತ ಮಾನವೀಯವಾದ ಉದ್ದೇಶವೇ ಆಗಿರುತ್ತಿತ್ತು. ಇಂದು ಆ ಹಣ ಬ್ಯಾಂಕಿನಲ್ಲಿ ಬಡ್ಡಿ ಹೆಚ್ಚಿಸಿಕೊಂಡು ಸುಮ್ಮನೆ ಕೂರುತ್ತಿತ್ತು. 'ದಾನಿಯು ಸೂಚಿಸಿದ ಉದ್ದೇಶ ಅಸಾಧ್ಯವಾದಾಗ ಅಥವಾ ಅನಗತ್ಯವಾದಾಗ ಧರ್ಮದರ್ಶಿ ಮಂಡಳಿಯು ಮೂರನೇ ಎರಡರಷ್ಟು ಬಹುಮತದಿಂದ, ಕಾರಣವನ್ನು ನಡಾವಳಿಯಲ್ಲಿ ದಾಖಲಿಸಿ, ಅದಕ್ಕೆ ಅತಿ ಸಮೀಪದ ಉದ್ದೇಶಕ್ಕೆ ಆದಾಯವನ್ನು ಬಳಸಬಹುದು' ಎಂಬ ಅರ್ಥದ ಒಂದು ಷರತ್ತನ್ನು ಪತ್ರದಲ್ಲಿ ಸೇರಿಸಿ, ದಾನ ಪಡೆಯುವಾಗಲೇ ಅದನ್ನು ದಾನಿಗೆ ಓದಿ ಹೇಳಿ.

ತೆರಿಗೆಯ ಬಾಗಿಲು

ನೋಂದಣಿಯಾದ ಮೇಲೆ ಟ್ರಸ್ಟ್ ಹೆಸರಿನಲ್ಲಿ ಪ್ಯಾನ್, ಬ್ಯಾಂಕ್ ಖಾತೆ, ಆಮೇಲೆ 12ಎಬಿ ಮತ್ತು 80ಜಿ ಎಂದು ಜನಬಳಕೆಯಲ್ಲಿರುವ ಎರಡು ಮಾನ್ಯತೆಗಳು ಬೇಕು. ಮೊದಲನೆಯದರಿಂದ ಟ್ರಸ್ಟಿನ ಆದಾಯಕ್ಕೆ ವಿನಾಯಿತಿ, ಎರಡನೆಯದರಿಂದ ದಾನಿಗೆ ತೆರಿಗೆ ರಿಯಾಯಿತಿ. ಹೊಸ ಟ್ರಸ್ಟಿಗೆ ಮೊದಲು ತಾತ್ಕಾಲಿಕ ಮಾನ್ಯತೆ ಸಿಗುತ್ತದೆ. 2025ರ ಹೊಸ ಆದಾಯ ತೆರಿಗೆ ಅಧಿನಿಯಮವು 2026ರ ಏಪ್ರಿಲ್ 1ರಿಂದ ಅನ್ವಯವಾಗುವುದರಿಂದ ಸೆಕ್ಷನ್ ಸಂಖ್ಯೆಗಳು ಬದಲಾಗಿವೆ. ಅರ್ಜಿ ಹಾಕುವ ದಿನ ಯಾವ ನಮೂನೆ ಎಂಬುದನ್ನು ಲೆಕ್ಕಪರಿಶೋಧಕರಿಂದಲೇ ಕೇಳಿಕೊಳ್ಳಬೇಕು. ಅರ್ಥ ಮಾಡಿಕೊಳ್ಳಬೇಕಾದ ಮೂಲ ನಿಯಮಗಳು ಮಾತ್ರ ಹೆಚ್ಚಿಲ್ಲ. ವರ್ಷದ ಆದಾಯದಲ್ಲಿ ಕನಿಷ್ಠ ಶೇ. 85ರಷ್ಟನ್ನು ಉದ್ದೇಶಕ್ಕೆ ಬಳಸಬೇಕು, ಉಳಿದ ಶೇ. 15ನ್ನು ಕೂಡಿಡಬಹುದು. ಇದು ಮೂಲಧನಕ್ಕೇ ಸೇರಲಿ ಎಂದು ದಾನಿ ಲಿಖಿತವಾಗಿ ಸೂಚಿಸಿದ ಹಣವನ್ನು ಆದಾಯವಾಗಿ ನೋಡದೆ ಮೂಲನಿಧಿಯಾಗಿ ನೋಡಲಾಗುತ್ತದೆ. ಹಾಗಾಗಿ ಪ್ರತಿ ದತ್ತಿಗೂ ಅಂಥ ಒಂದು ಪತ್ರವನ್ನು ದಾನಿಯ ಸಹಿಯೊಂದಿಗೆ ಕಡತದಲ್ಲಿ ಇಡಿ. ನಗದಾಗಿ ಕೊಟ್ಟ ದಾನ 2,000 ರೂಪಾಯಿ ಮೀರಿದರೆ ದಾನಿಗೆ 80ಜಿ ರಿಯಾಯಿತಿ ಇಲ್ಲ, ಮತ್ತು ಹೊಸ ತೆರಿಗೆ ಪದ್ಧತಿಯನ್ನು ಆಯ್ದುಕೊಂಡ ದಾನಿಗೆ ಈ ರಿಯಾಯಿತಿಯೇ ಅನ್ವಯಿಸುವುದಿಲ್ಲ. ಇದನ್ನು ಮೊದಲೇ ಹೇಳದೆ ಹಣ ಪಡೆದು, ಜುಲೈನಲ್ಲಿ ತೆರಿಗೆ ವಿವರ ಸಲ್ಲಿಸುವ ಹೊತ್ತಿಗೆ ದಾನಿಯಿಂದ ಬೇಸರದ ಫೋನ್ ಬರುವಂತೆ ಮಾಡಿಕೊಳ್ಳಬೇಡಿ.

ಅಂಗಡಿ ಗಲ್ಲಾಪೆಟ್ಟಿಗೆಯ ಪಕ್ಕ ಡಬ್ಬಿ ಇಟ್ಟು ಹಣ ಕೂಡಿಸುವ ಅಭ್ಯಾಸ ನಮ್ಮಲ್ಲಿದೆ. ಕೊಟ್ಟವರ ಹೆಸರು, ವಿಳಾಸ ಇಲ್ಲದ ಹಣವು ಒಂದು ಲಕ್ಷ ರೂಪಾಯಿ ಅಥವಾ ಒಟ್ಟು ದಾನದ ಶೇ. 5, ಇವೆರಡರಲ್ಲಿ ಹೆಚ್ಚಿನದನ್ನು ಮೀರಿದರೆ ಮೀರಿದ ಭಾಗಕ್ಕೆ ಶೇ. 30 ತೆರಿಗೆ ಬೀಳುತ್ತದೆ. ಹತ್ತು ರೂಪಾಯಿಯಾದರೂ ರಸೀತಿ ಬರೆದು ಪಡೆಯುವುದೇ ಒಳ್ಳೆಯದು.

ಹಣ ಕೂಡಿಸುವ ಹೊತ್ತು ಮತ್ತು ಲೆಕ್ಕ

ತೋಟದವರನ್ನು ದಾನ ಕೇಳುವುದಾದರೆ ಕೊಯ್ಲು ಮುಗಿದು ಕಾಫಿ ಮಾರಾಟವಾಗುವ ಫೆಬ್ರವರಿ, ಮಾರ್ಚ್ ತಿಂಗಳು ಸರಿಯಾದ ಸಮಯ. ಸಂಬಳದವರಿಗೂ ಅದೇ ಆರ್ಥಿಕ ವರ್ಷದ ಕೊನೆ. ಹೋದಾಗ ಕೈಯಲ್ಲಿ ಒಂದು ಸರಳ ಲೆಕ್ಕ ಇರಲಿ. ಹತ್ತು ಲಕ್ಷ ರೂಪಾಯಿ ಮೂಲಧನವನ್ನು ಬ್ಯಾಂಕಿನ ನಿಶ್ಚಿತ ಠೇವಣಿಯಲ್ಲಿ ಇಟ್ಟು ಬಡ್ಡಿ ಶೇ. 6.5 ಎಂದಿಟ್ಟುಕೊಂಡರೆ ವರ್ಷಕ್ಕೆ 65,000 ರೂಪಾಯಿ ಬರುತ್ತದೆ. ಅದರಲ್ಲಿ ಶೇ. 15, ಅಂದರೆ 9,750 ರೂಪಾಯಿಯನ್ನು ಬೆಲೆಯೇರಿಕೆಯಿಂದ ನಿಧಿ ಸವೆಯದಂತೆ ಕೂಡಿಡುವುದು. ಉಳಿದ 55,250 ರೂಪಾಯಿಯಲ್ಲಿ ಐದು ಮಕ್ಕಳಿಗೆ ತಲಾ 11,000 ರೂಪಾಯಿ ಕೊಡಬಹುದು. ಲೆಕ್ಕಪರಿಶೋಧಕರ ಶುಲ್ಕ, ಅಂಚೆ, ಮುದ್ರಣದ ಖರ್ಚನ್ನು ಧರ್ಮದರ್ಶಿಗಳೇ ವಂತಿಗೆಯಾಗಿ ಹಾಕಿಕೊಂಡರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಮೊದಲ ಐದು ವರ್ಷ ಹಾಗೆ ಮಾಡುವುದು ಧರ್ಮದರ್ಶಿಗಳ ಕರ್ತವ್ಯವೆಂದೇ ನಾನು ಭಾವಿಸುತ್ತೇನೆ. ಹತ್ತು ಲಕ್ಷ ಕೂಡಿಸಲು ಇಷ್ಟೆಲ್ಲ ಓಡಾಟ, ಫಲ ಐದು ಮಕ್ಕಳಿಗೆ ಮಾತ್ರವೇ ಎಂದು ಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಈ ವರ್ಷ ಐದು ಮಕ್ಕಳು, ಮುಂದಿನ ವರ್ಷ ಐದು, ಹಣ ಹಾಗೆಯೇ ಇರುತ್ತದೆ ಎಂಬುದೇ ಅದಕ್ಕೆ ಉತ್ತರ.

ತಂದೆ ತಾಯಿಯ ಹೆಸರಿನಲ್ಲಿ ದತ್ತಿ ಇಡಲು ಜನ ಮುಂದೆ ಬರುತ್ತಾರೆ. ಕನಿಷ್ಠ ಮೊತ್ತವನ್ನು ಒಂದು ಲಕ್ಷ ಎಂದು ನಿಗದಿ ಮಾಡಿ, ಅದಕ್ಕಿಂತ ಕಡಿಮೆ ಕೊಡುವವರ ಹಣವನ್ನು ಸಾಮಾನ್ಯ ನಿಧಿಗೆ ಸೇರಿಸಿ. ಹೆಸರು ದಾನಿಯದಿರಲಿ, ಆಯ್ಕೆ ಮಾತ್ರ ಸಮಿತಿಯದೇ ಆಗಿರಬೇಕು. 'ನಮ್ಮ ತೋಟದ ರೈಟರ್ (ಗುಮಾಸ್ತ) ಮಗನಿಗೇ ಈ ವರ್ಷ ಕೊಡಿ' ಎಂದು ದಾನಿ ಕೇಳಿದರೆ, ಆ ಹುಡುಗ ಅರ್ಜಿ ಹಾಕಲಿ ಎಂದು ವಿನಯದಿಂದ ಹೇಳುವ ಧೈರ್ಯ ಮಂಡಳಿಗೆ ಇರಬೇಕು.

ವಿದೇಶದಲ್ಲಿರುವ ಊರಿನವರ ವಿಷಯದಲ್ಲಿ ಎಚ್ಚರ ಬೇಕು. ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡಿರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಡುವ ಹಣ ವಿದೇಶಿ ವಂತಿಗೆಯಾಗುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು, ಒಸಿಐ ಕಾರ್ಡ್ ಇದ್ದರೂ ಸಹ, ಕೊಡುವ ಹಣ ವಿದೇಶಿ ವಂತಿಗೆಯನ್ನು ನಿಯಂತ್ರಿಸುವ ಎಫ್‌ಸಿಆರ್‌ಎ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, ಮತ್ತು ಆ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಒಂದು ರೂಪಾಯಿಯನ್ನೂ ಪಡೆಯುವಂತಿಲ್ಲ. ಜಾತ್ರೆಗೆ ಬಂದವರು ಪ್ರೀತಿಯಿಂದ ಕೊಟ್ಟ ಚೆಕ್ಕನ್ನು ಹಿಂತಿರುಗಿಸುವುದು ಕಷ್ಟವೇ. ಪಾಸ್‌ಪೋರ್ಟಿನ ಪ್ರತಿಯನ್ನು ಮೊದಲೇ ಕೇಳಿದರೆ ಆ ಮುಜುಗರ ತಪ್ಪುತ್ತದೆ. ಇನ್ನು ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣಕ್ಕೆ ಸಾಮಾನ್ಯವಾಗಿ ಮೂರು ವರ್ಷದ ಕೆಲಸದ ದಾಖಲೆ ಮತ್ತು ಸಿಎಸ್‌ಆರ್-1 ನೋಂದಣಿ ಬೇಕಾಗುವುದರಿಂದ ಆರಂಭದಲ್ಲಿ ಅದರ ಗೊಡವೆ ಬೇಡ.

ವಿದ್ಯಾರ್ಥಿವೇತನ: ಅರ್ಜಿಯಿಂದ ಖಾತೆಯವರೆಗೆ

ಅರ್ಜಿ ಎರಡು ಪುಟ ಮೀರಬಾರದು, ಕನ್ನಡದಲ್ಲಿರಬೇಕು, ಕೈಬರಹದಲ್ಲಿ ತುಂಬುವಂತಿರಬೇಕು. ಅಂಕಪಟ್ಟಿ, ನಾಡಕಚೇರಿಯ ಆದಾಯ ಪ್ರಮಾಣಪತ್ರ, ಪ್ರವೇಶದ ದಾಖಲೆ, ಪಾಸ್‌ಬುಕ್ಕಿನ ಮೊದಲ ಪುಟ ಇವಿಷ್ಟೇ ಸಾಕು. ಗೆಜೆಟೆಡ್ ಅಧಿಕಾರಿಯ ಸಹಿ, ನೋಟರಿ ಅಫಿಡವಿಟ್ ಎಂದೆಲ್ಲ ಕೇಳಿದರೆ ಒಂದು ದಿನದ ಕೂಲಿ ಬಿಟ್ಟು ತಾಲ್ಲೂಕು ಕೇಂದ್ರಕ್ಕೆ ಬರಬೇಕಾದವರು ಅರ್ಜಿಯನ್ನೇ ಹಾಕುವುದಿಲ್ಲ, ಮತ್ತು ನಮಗೆ ಬೇಕಾದವರು ಅವರೇ.

ಅರ್ಜಿಯ ಪ್ರಶ್ನೆಗಳನ್ನು ಎಷ್ಟು ಎಚ್ಚರದಿಂದ ಬರೆಯಬೇಕು ಎಂಬುದನ್ನು ನಾನು ಆಲೂರು ತಾಲ್ಲೂಕಿನ ಒಂದು ಮನೆಯ ಜಗಲಿಯಲ್ಲಿ ಕಲಿತೆ. ನಮ್ಮ ಹಳೆಯ ನಮೂನೆಯಲ್ಲಿ 'ಈ ಸಾಲಿನ ಶುಲ್ಕ ಕಟ್ಟಲಾಗಿದೆಯೇ' ಎಂಬ ಪ್ರಶ್ನೆಯಿತ್ತು. ಹೌದು ಎಂದು ಬರೆದವರನ್ನು, ಹೇಗೋ ವ್ಯವಸ್ಥೆಯಾಗಿದೆಯಲ್ಲ ಎಂದು, ನಾವು ಪಟ್ಟಿಯ ಕೆಳಗೆ ಹಾಕುತ್ತಿದ್ದೆವು. ಆ ವರ್ಷ ಹಾಗೆ ಕೆಳಗೆ ಹೋದ ಒಬ್ಬ ಹುಡುಗಿಯ ಅಂಕಪಟ್ಟಿ ತೀರ ಚೆನ್ನಾಗಿದ್ದುದರಿಂದ ಮನೆ ನೋಡಿಯೇ ಬರೋಣವೆಂದು ಇಬ್ಬರು ಹೋದೆವು. ಮಳೆ ಹನಿಯುತ್ತಿತ್ತು, ಜಗಲಿಯ ಮೂಲೆಯಲ್ಲಿ ಬಿತ್ತನೆ ಗೆಡ್ಡೆಯ ಖಾಲಿ ಚೀಲಗಳನ್ನು ಮಡಿಸಿಟ್ಟಿದ್ದರು. ಅವಳ ತಾಯಿ ಕಾಗದಗಳನ್ನೆಲ್ಲ ಪ್ಲಾಸ್ಟಿಕ್ ಕವರಿನಿಂದ ಒಂದೊಂದಾಗಿ ತೆಗೆದು ಚಾಪೆಯ ಮೇಲೆ ಹರಡುವಾಗ ಕಾಲೇಜಿನ ರಸೀತಿಯ ಜೊತೆಗೇ ಇನ್ನೊಂದು ಚೀಟಿ ಹೊರಬಂತು. ಅದು ಗಿರವಿ ಅಂಗಡಿಯದು. ಅವರ ಓಲೆಯನ್ನು ಅಡವಿಟ್ಟ ತಾರೀಖು ಮತ್ತು ಶುಲ್ಕ ಕಟ್ಟಿದ ತಾರೀಖು ಒಂದೇ ಆಗಿತ್ತು. ಆ ತಾಯಿ ಚೀಟಿಯನ್ನು ಬೇಗನೆ ಹಿಂದಕ್ಕೆ ಸರಿಸಿದರು, ಕಿವಿಯಲ್ಲಿ ಓಲೆಯ ಜಾಗಕ್ಕೆ ಬೇವಿನ ಕಡ್ಡಿ ಇತ್ತು. ಹುಡುಗಿ ಅರ್ಜಿಯಲ್ಲಿ ಬರೆದದ್ದು ಸತ್ಯವನ್ನೇ, ತಪ್ಪು ಇದ್ದದ್ದು ನಮ್ಮ ಪ್ರಶ್ನೆಯಲ್ಲಿ. ಮರುವರ್ಷದಿಂದ 'ಶುಲ್ಕ ಕಟ್ಟಿದ್ದರೆ ಹಣವನ್ನು ಎಲ್ಲಿಂದ ತಂದಿರಿ' ಎಂದು ಕೇಳತೊಡಗಿದೆವು. ಕೈಸಾಲ, ಸ್ವಸಹಾಯ ಸಂಘದ ಸಾಲ, ತೋಟದ ಮಾಲೀಕರಿಂದ ಮುಂಗಡ, ಹಸು ಮಾರಿದ್ದು ಎಂದು ಬಂದ ಉತ್ತರಗಳು, ಅಂಕಪಟ್ಟಿ ಮತ್ತು ಆದಾಯ ಪ್ರಮಾಣಪತ್ರ ಎರಡೂ ಹೇಳದ ವಿಷಯವನ್ನು ಹೇಳಿದವು.

ಆದಾಯ ಪ್ರಮಾಣಪತ್ರವನ್ನೇ ಪೂರ್ಣವಾಗಿ ನಂಬಿ ಕೂರುವಂತಿಲ್ಲ ಎಂಬುದು ಇದರಿಂದ ಗೊತ್ತಾಗುತ್ತದೆ. ಅಂತಿಮ ಪಟ್ಟಿಯ ಎಲ್ಲ ಮನೆಗಳಿಗೂ ಇಬ್ಬರು ಹೋಗಿ ಬರಬೇಕು, ಅವರಲ್ಲಿ ಒಬ್ಬರು ಮಹಿಳೆಯಾಗಿರಬೇಕು, ಮತ್ತು ಮುಂಚಿತವಾಗಿ ಹೇಳಿಯೇ ಹೋಗಬೇಕು. ಬಡತನವನ್ನು ಪತ್ತೆ ಹಚ್ಚಲು ಬಂದವರಂತೆ ಯಾರ ಮನೆಗೂ ಹೋಗಬಾರದು. ಅಂಕಕ್ಕೆ ಎಷ್ಟು ತೂಕ, ಅಗತ್ಯಕ್ಕೆ ಎಷ್ಟು ತೂಕ ಎಂಬುದನ್ನು ಅರ್ಜಿ ಕರೆಯುವ ಮೊದಲೇ ನಿರ್ಧರಿಸಿ ನಡಾವಳಿಯಲ್ಲಿ ಬರೆಯಿರಿ. ಅಂಕ 40, ಅಗತ್ಯ 60 ಎಂಬ ಹಂಚಿಕೆ ನನಗೆ ನ್ಯಾಯವೆನಿಸುತ್ತದೆ, ಏಕೆಂದರೆ ಶೇ. 95 ಪಡೆದ ಮಗುವಿಗೆ ನೆರವು ಕೊಡಲು ಹಲವರು ಇದ್ದಾರೆ, ಶೇ. 68 ಪಡೆದು ಐಟಿಐ ಅಥವಾ ಡಿಪ್ಲೊಮಾ ಸೇರಲು ಹೊರಟ ಮಗುವನ್ನು ಕೇಳುವವರು ಇಲ್ಲ. ಸಮಿತಿಯ ಮುಂದೆ ಅರ್ಜಿಗಳು ಹೆಸರಿಲ್ಲದೆ, ಕ್ರಮಸಂಖ್ಯೆಯೊಂದಿಗೆ ಬರಲಿ. ಹೆಸರು ಕಂಡರೆ ಊರು, ಊರು ಕಂಡರೆ ಜಾತಿ ಎಂದು ಮನಸ್ಸು ಲೆಕ್ಕ ಹಾಕುವುದನ್ನು ತಡೆಯಲು ಇದಕ್ಕಿಂತ ಸುಲಭವಾದ ದಾರಿ ನನಗೆ ಕಂಡಿಲ್ಲ. ಪರಿಚಯದ ಅರ್ಜಿ ಬಂದರೆ ಆ ಸದಸ್ಯರು ಹೊರಗೆ ಹೋಗಬೇಕು, ಹೋದದ್ದನ್ನು ನಡಾವಳಿಯಲ್ಲಿ ದಾಖಲಿಸಬೇಕು. ಊರಿನ ಹಿರಿಯ ಶಿಕ್ಷಕರೊಬ್ಬರು, ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಯೊಬ್ಬರು, ಹಿಂದೆ ಇದೇ ನೆರವು ಪಡೆದು ಈಗ ದುಡಿಯುತ್ತಿರುವವರೊಬ್ಬರು ಸಮಿತಿಯಲ್ಲಿದ್ದರೆ ಅದಕ್ಕೆ ಕಣ್ಣು ಕಿವಿ ಎರಡೂ ಬರುತ್ತವೆ.

ಹಣವನ್ನು ವಿದ್ಯಾರ್ಥಿಯ ಖಾತೆಗೆ ಅಥವಾ ಕಾಲೇಜಿನ ಖಾತೆಗೆ ನೇರವಾಗಿ ಕಳಿಸಬೇಕು. ಶುಲ್ಕ ಬಾಕಿಯಿದ್ದರೆ ಕಾಲೇಜಿಗೆ, ಪುಸ್ತಕ, ಬಸ್ಸು, ಬಾಡಿಗೆಗಾದರೆ ವಿದ್ಯಾರ್ಥಿಗೆ. ಮೊದಲು ಒಂದು ರೂಪಾಯಿ ಕಳಿಸಿ, ತಲುಪಿತೇ ಎಂದು ಫೋನಿನಲ್ಲಿ ಕೇಳಿ, ನಂತರ ಉಳಿದದ್ದನ್ನು ಕಳಿಸಿ. ವರ್ಷಗಟ್ಟಲೆ ಬಳಸದೆ ನಿಷ್ಕ್ರಿಯವಾದ ಖಾತೆಗಳು ಬಹಳ ಇವೆ. ಇದೇ ಸಂದರ್ಭದಲ್ಲಿ ಇನ್ನೊಂದು ಕೆಲಸ ಮಾಡಬಹುದು. ಸರ್ಕಾರದ ವಿದ್ಯಾರ್ಥಿವೇತನ ಮಂಜೂರಾಗಿಯೂ ಬಾರದಿರುವುದಕ್ಕೆ ಹಲವು ಸಲ ಕಾರಣ ಖಾತೆಗೆ ಆಧಾರ್ ಜೋಡಣೆ, ಅಂದರೆ ಎಲ್ಲರೂ ಎನ್‌ಪಿಸಿಐ ಮ್ಯಾಪಿಂಗ್ ಎನ್ನುವುದು, ಆಗದಿರುವುದು, ಇಲ್ಲವೇ ಆಧಾರ್‌ನಲ್ಲಿ ಇನಿಷಿಯಲ್ ಮುಂದೆ, ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ ಇರುವುದು. ನಿಮ್ಮಲ್ಲಿಗೆ ಬಂದ ಪ್ರತಿ ಅರ್ಜಿದಾರರ ಕಾಗದಗಳಲ್ಲಿ ಇದನ್ನು ನೋಡಿ ಸರಿಪಡಿಸಲು ಸಹಾಯ ಮಾಡಿದರೆ, ನಿಮ್ಮ ನಿಧಿಯಿಂದ ನೆರವು ಸಿಗದ ಮಕ್ಕಳಿಗೂ ಸರ್ಕಾರದ ಹಣ ತಲುಪುತ್ತದೆ. ಐದು ಮಕ್ಕಳಿಗೆ ಮಾತ್ರ ಕೊಡಬಲ್ಲ ನಿಧಿಯು ಹೀಗೆ ಐವತ್ತು ಮಕ್ಕಳಿಗೆ ಉಪಯೋಗವಾಗಬಲ್ಲದು. ಕೆಲವು ಯೋಜನೆಗಳಲ್ಲಿ ಎರಡು ವಿದ್ಯಾರ್ಥಿವೇತನ ಪಡೆಯುವುದಕ್ಕೆ ನಿರ್ಬಂಧವಿರುವುದರಿಂದ, ನಿಮ್ಮ ಹಣ ಮಗುವಿನ ಸರ್ಕಾರಿ ನೆರವಿಗೆ ಅಡ್ಡಿಯಾಗದಂತೆ ಆ ಷರತ್ತನ್ನು ಮೊದಲೇ ಓದಿಕೊಳ್ಳಿ.

ವೇದಿಕೆಯ ಮೇಲೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ದೊಡ್ಡ ಚೆಕ್ಕಿನ ಹಲಗೆ ಹಿಡಿಸಿ ಫೋಟೊ ತೆಗೆಸುವುದನ್ನು ಬಿಡಿ ಎಂದು ಕೈಮುಗಿದು ಕೇಳುತ್ತೇನೆ. ಹದಿನಾರು ವರ್ಷದ ಹುಡುಗ ಅದೇ ಕಾಲೇಜಿಗೆ ಮರುದಿನ ಹೋಗಬೇಕು. ದಾನಿಗೆ ಮಗುವಿನ ಹೆಸರಿಲ್ಲದೆ, ಯಾವ ತಾಲ್ಲೂಕು, ಯಾವ ಕೋರ್ಸು ಎಂಬ ವಿವರದೊಂದಿಗೆ ಒಂದು ಪತ್ರ ಬರೆದರೆ ಸಾಕು.

ಅನುದಾನ: ವಸ್ತು ಕೊಡುವ ಮೊದಲು ಅದರ ಎರಡನೇ ವರ್ಷವನ್ನು ಯೋಚಿಸಿ

ನಿಧಿ ಸ್ವಲ್ಪ ಬೆಳೆದ ಮೇಲೆ ಸಂಸ್ಥೆಗಳಿಗೂ ಸಣ್ಣ ಅನುದಾನ ಕೊಡಬಹುದು: ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ (ಗ್ರಂಥಾಲಯಕ್ಕೆ) ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ, ಅಂಗನವಾಡಿಗೆ ಚಾವಣಿಯ ದುರಸ್ತಿ, ಆನೆ ಓಡಾಡುವ ದಾರಿಯಲ್ಲಿ ಶಾಲೆಗೆ ನಡೆದು ಬರುವ ಮಕ್ಕಳಿಗೆ ವಾಹನದ ವ್ಯವಸ್ಥೆ. ಸಕಲೇಶಪುರ, ಆಲೂರು ಭಾಗದವರಿಗೆ ಈ ಕೊನೆಯದು ಎಂಥ ಅಗತ್ಯವೆಂದು ವಿವರಿಸಬೇಕಾಗಿಲ್ಲ.

ಮೂಡಿಗೆರೆ ಕಡೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಗೆ ನಾವು ನೀರಿನ ಫಿಲ್ಟರ್ ಕೊಡಿಸಿದ್ದೆವು. ಎಂಟು ತಿಂಗಳ ನಂತರ ಹೋದಾಗ ಅದರ ಮೇಲೆ ಬಿಸಿಯೂಟದ ತಟ್ಟೆಗಳನ್ನು ಜೋಡಿಸಿಟ್ಟಿದ್ದರು, ಮಕ್ಕಳು ಪಕ್ಕದ ನಲ್ಲಿಯಲ್ಲಿ ನೀರು ಕುಡಿಯುತ್ತಿದ್ದರು. ಒಳಗಿನ ಕ್ಯಾಂಡಲ್ ಬದಲಿಸಬೇಕಿತ್ತು, ಅದಕ್ಕೆ ಹಣವೂ ಇರಲಿಲ್ಲ, ಯಾರನ್ನು ಕರೆಯಬೇಕೆಂದು ಶಿಕ್ಷಕರಿಗೆ ಗೊತ್ತೂ ಇರಲಿಲ್ಲ. ಶಾಲೆಯವರ ಮೇಲೆ ತಪ್ಪು ಹೊರಿಸಲು ಆಗದು, ಅರ್ಜಿಯಲ್ಲಿ ನಾವೇ ಅದನ್ನು ಕೇಳಿರಲಿಲ್ಲ. ಈಗ ಪ್ರತಿ ಅನುದಾನದ ಹತ್ತನೇ ಒಂದು ಭಾಗವನ್ನು ಎರಡು ವರ್ಷದ ನಿರ್ವಹಣೆಗೆಂದು ನಮ್ಮಲ್ಲೇ ಇಟ್ಟುಕೊಂಡು, ರಿಪೇರಿಯ ಬಿಲ್ಲು ಬಂದಾಗ ಕೊಡುತ್ತೇವೆ.

ಸರ್ಕಾರಿ ಶಾಲೆಯ ಕೆಲಸವಾದರೆ ಎಸ್‌ಡಿಎಂಸಿಯ, ಅಂದರೆ ಶಾಲಾಭಿವೃದ್ಧಿ ಸಮಿತಿಯ, ಠರಾವು ಮತ್ತು ಕ್ಷೇತ್ರ ಶಿಕ್ಷಣಾಧಿಕಾರಿಯ ಒಪ್ಪಿಗೆ ಪಡೆದು, ಹಣವನ್ನು ಸಾಮಗ್ರಿ ಒದಗಿಸಿದವರಿಗೇ ನೇರವಾಗಿ ಪಾವತಿಸುವುದು ಸುಲಭ. ಎರಡು ಕಂತುಗಳಲ್ಲಿ ಕೊಡಿ. ಮೊದಲ ಕಂತಿನ ಬಿಲ್ಲು, ಫೋಟೊ, ಬಳಕೆ ಪ್ರಮಾಣಪತ್ರ ಬಂದ ಮೇಲೆ ಎರಡನೆಯದು. ನೋಂದಾಯಿತ ಬೇರೆ ಟ್ರಸ್ಟಿಗೆ ಅನುದಾನ ಕೊಟ್ಟರೆ ಅದರ ಶೇ. 85ರಷ್ಟು ಮಾತ್ರ ನಿಮ್ಮ ಉದ್ದೇಶದ ಬಳಕೆಯಾಗಿ ಲೆಕ್ಕಕ್ಕೆ ಬರುತ್ತದೆ ಎಂಬ ತೆರಿಗೆ ನಿಯಮ 2023ರಿಂದ ಇದೆ. ಆದ್ದರಿಂದ ನೇರವಾಗಿ ಮಾಡಬಹುದಾದ ಕೆಲಸವನ್ನು ನೇರವಾಗಿಯೇ ಮಾಡಿ.

ವರ್ಷದ ಸುತ್ತು

ಎಲ್ಲವನ್ನೂ ತಿಂಗಳಿಗೆ ಹೊಂದಿಸಿ ಒಂದು ಹಾಳೆಯಲ್ಲಿ ಬರೆದು ಕಚೇರಿಯ ಗೋಡೆಗೆ ಅಂಟಿಸಿ. ಫೆಬ್ರವರಿ, ಮಾರ್ಚ್‌ನಲ್ಲಿ ದಾನಿಗಳ ಭೇಟಿ. ಏಪ್ರಿಲ್‌ನಲ್ಲಿ ಅರ್ಜಿಯ ಪ್ರಕಟಣೆ. ಪತ್ರಿಕೆಯಲ್ಲಿ ಹಾಕಿಸುವುದಕ್ಕಿಂತ ಹಾಲಿನ ಡೇರಿ, ನ್ಯಾಯಬೆಲೆ ಅಂಗಡಿ, ಬಸ್ ನಿಲ್ದಾಣ, ತೋಟದ ಮಸ್ಟರ್ (ಹಾಜರಿ) ನಡೆಯುವ ಜಾಗದಲ್ಲಿ ಚೀಟಿ ಅಂಟಿಸಿದರೆ ಬೇಕಾದವರಿಗೆ ತಲುಪುತ್ತದೆ. ಮೇ ತಿಂಗಳಲ್ಲಿ ಎಸ್‌ಎಸ್‌ಎಲ್‌ಸಿ ಮತ್ತು ಪಿಯು ಫಲಿತಾಂಶ ನೋಡಿಕೊಂಡು ಪರಿಶೀಲನೆ ಮತ್ತು ಮನೆ ಭೇಟಿ, ದಾನಿಗಳ ವಿವರಪಟ್ಟಿಯನ್ನು ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಲು ಮೇ 31 ಕೊನೆಯ ದಿನ. ಜೂನ್ ಮೊದಲ ವಾರ ಹಣ ಖಾತೆಯಲ್ಲಿರಬೇಕು. ಆಗಸ್ಟ್‌ನಲ್ಲಿ ಕೊಟ್ಟ ಮೊತ್ತ, ಬಂದ ಬಡ್ಡಿ, ಉಳಿದ ಹಣದ ಒಂದು ಪುಟದ ಲೆಕ್ಕವನ್ನು ಚೀಟಿ ಅಂಟಿಸಿದ ಅದೇ ಜಾಗಗಳಲ್ಲಿ ಅಂಟಿಸಬೇಕು.

ನವೆಂಬರ್‌ನಲ್ಲಿ ಪ್ರತಿ ಮಗುವಿಗೂ ಒಂದು ಫೋನ್ ಮಾಡಿ. ಕೊಯ್ಲು ಶುರುವಾಗುವ ಹೊತ್ತಿಗೆ ಮನೆಯಲ್ಲಿ ಇನ್ನೊಂದು ಜೊತೆ ಕೈ ಬೇಕೆಂದು ಕಾಲೇಜು ತಪ್ಪಿಸುವ ಮಕ್ಕಳು ಇರುತ್ತಾರೆ, ಮತ್ತು ಹಾಗೆ ತಪ್ಪಿಸಿದವರು ಹಾಜರಾತಿ ಸಾಲದೆ ಪರೀಕ್ಷೆಗೆ ಕೂರಲಾಗದೆ ಹೋಗುವುದುಂಟು. ಆ ಫೋನಿನಲ್ಲಿ ಕೇಳಬೇಕಾದದ್ದು ಒಂದೇ: ಈ ವಾರ ಎಷ್ಟು ದಿನ ಕಾಲೇಜಿಗೆ ಹೋದೆ? ಉತ್ತರ ತಡವರಿಸಿದರೆ ಮರುದಿನವೇ ಒಬ್ಬರು ಆ ಮನೆಗೆ ಹೋಗಿ ಬರಲಿ.